ಹೊಸ ಮೇಲ್ ಪ್ರೋಗ್ರಾಂ ಹಾಕಿದ ಮೇಲೆ ಮೇಲ್ ಬರ್ತಿಲ್ವಾ? ಎಲ್ಲಿ ನಿಂತಿದೆ ಅಂತ ಹೀಗೆ ಹುಡುಕಿ

ಹಳೇ ಪ್ರೋಗ್ರಾಂನಲ್ಲಿ ವರ್ಷಗಟ್ಟಲೆ ಮೇಲ್ ಸರಾಗವಾಗಿ ಬರುತ್ತಿತ್ತು. ಹೊಸದು ಹಾಕಿದಿರಿ. ಅದೇ ವಿಳಾಸ, ಅದೇ ಪಾಸ್‌ವರ್ಡ್. ಆದರೂ "ಸರ್ವರ್ ಸಿಗುತ್ತಿಲ್ಲ" ಅಂತಲೋ "ಪಾಸ್‌ವರ್ಡ್ ತಪ್ಪು" ಅಂತಲೋ ತೋರಿಸುತ್ತದೆ. ಕೆಲವರಿಗೆ ಯಾವ ಎರರ್ರೂ ಬರುವುದಿಲ್ಲ, ಇನ್‌ಬಾಕ್ಸ್ ಮಾತ್ರ ಖಾಲಿ.

ಇಂಥ ಹೊತ್ತಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: "ಅಕೌಂಟ್ ಡಿಲೀಟ್ ಮಾಡಿ ಮತ್ತೆ ಹಾಕಿ." ದಯವಿಟ್ಟು ಅದನ್ನು ಮೊದಲು ಮಾಡಬೇಡಿ. ಹಳೇ ಮೇಲ್‌ಗಳು ಸರ್ವರ್‌ನಲ್ಲಿ ಇಲ್ಲದೆ ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಇದ್ದರೆ, ಅಕೌಂಟ್ ಜೊತೆ ಅವೂ ಹೋಗಬಹುದು. ಹೋದ ಮೇಲೆ ತರುವುದು ಬಹಳ ಕಷ್ಟ. ಅದಕ್ಕಿಂತ, ಮೇಲ್ ಬರುವ ದಾರಿಯಲ್ಲಿ ಯಾವ ಹಂತಕ್ಕೆ ಬಂದು ನಿಂತಿದೆ ಅಂತ ನೋಡಿದರೆ ಸಾಕು. ಎರರ್ ಸಂದೇಶವೇ ಅದನ್ನು ಹೇಳುತ್ತದೆ, ನಾವು ಓದದೆ ಮುಚ್ಚಿಬಿಡುತ್ತೇವೆ ಅಷ್ಟೇ.

ಆ ದಾರಿ ಹೀಗಿದೆ. ಪ್ರೋಗ್ರಾಂ ಮೊದಲು ಸರ್ವರ್‌ನ ಹೆಸರು ಹಿಡಿದು ಅದನ್ನು ಹುಡುಕುತ್ತದೆ. ಸಿಕ್ಕ ಮೇಲೆ ಪೋರ್ಟ್ ಎಂಬ, ಸಂಖ್ಯೆ ಹಾಕಿದ ಬಾಗಿಲು ತಟ್ಟುತ್ತದೆ. ಆಮೇಲೆ ಇಬ್ಬರೂ ಸೇರಿ ಮಾತು ಯಾರಿಗೂ ಕೇಳದ ಹಾಗೆ ಗೂಢಲಿಪಿಗೆ ಹೊಂದಿಕೊಳ್ಳುತ್ತಾರೆ. ನಂತರ ಲಾಗಿನ್. ಕೊನೆಗೆ ಮೇಲ್ ಎಳೆದುಕೊಳ್ಳುವುದು. ಐದು ಹಂತ. ಮೊದಲ ಎರಡರಲ್ಲಿ ನಿಂತಿದ್ದರೆ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಉಪಯೋಗ ಇಲ್ಲ, ಯಾಕೆಂದರೆ ಪಾಸ್‌ವರ್ಡ್ ಕೇಳುವ ಜಾಗಕ್ಕೆ ಪ್ರೋಗ್ರಾಂ ಇನ್ನೂ ಹೋಗೇ ಇಲ್ಲ.

ಮೊದಲು: ಹಳೇ ಪ್ರೋಗ್ರಾಂ ಮುಟ್ಟಬೇಡಿ, ವೆಬ್‌ಮೇಲ್ ನೋಡಿ

ಹಳೇ ಪ್ರೋಗ್ರಾಂ ಅನ್‌ಇನ್‌ಸ್ಟಾಲ್ ಮಾಡಬೇಡಿ. ಅದರಲ್ಲಿರುವ ಸರ್ವರ್ ಸೆಟ್ಟಿಂಗ್ಸ್ ಪುಟವನ್ನು ತೆರೆದು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಸರ್ವರ್ ಹೆಸರು, ಪೋರ್ಟ್, ಯೂಸರ್ ನೇಮ್, ಪಾಪ್ (ಮೇಲನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ವಿಧಾನ) ಬಳಸುತ್ತಿದ್ದಿರೋ ಐಮ್ಯಾಪ್ (ಮೇಲನ್ನು ಸರ್ವರ್‌ನಲ್ಲೇ ಇಟ್ಟು ನೋಡುವ ವಿಧಾನ) ಬಳಸುತ್ತಿದ್ದಿರೋ ಎಲ್ಲ ಅದರಲ್ಲೇ ಇದೆ. ಹೊಸ ಪ್ರೋಗ್ರಾಂ ತಾನಾಗಿಯೇ ಊಹಿಸಿ ತುಂಬಿದ ಸೆಟ್ಟಿಂಗ್ಸ್ ಜೊತೆ ಇದನ್ನು ಇಟ್ಟು ನೋಡಿದರೆ ಎಷ್ಟೋ ಸಲ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ. ಫೋಟೊ ತೆಗೆದಾದ ಮೇಲೆ ಹಳೇ ಪ್ರೋಗ್ರಾಂ ಮುಚ್ಚಿಬಿಡಿ.

ಆಮೇಲೆ ಬ್ರೌಸರ್‌ನಲ್ಲಿ ನಿಮ್ಮ ವೆಬ್‌ಮೇಲ್ ತೆರೆಯಿರಿ. ಬೇರೆ ಯಾವುದಾದರೂ ವಿಳಾಸದಿಂದ ನಿಮಗೆ ನೀವೇ ಒಂದು ಮೇಲ್ ಕಳಿಸಿ. ಈಗ ನೋಡಿ:

ವೆಬ್‌ಮೇಲ್‌ನಲ್ಲಿ ಆ ಮೇಲ್ ಬಂತು, ಹೊಸ ಪ್ರೋಗ್ರಾಂನಲ್ಲಿ ಇಲ್ಲ ಅಂದರೆ ತೊಂದರೆ ಪ್ರೋಗ್ರಾಂ ಮತ್ತು ಸರ್ವರ್ ನಡುವೆ ಇದೆ. ಮುಂದಿನದೆಲ್ಲ ನಿಮಗಾಗಿಯೇ ಬರೆದದ್ದು.

ವೆಬ್‌ಮೇಲ್‌ನಲ್ಲೂ ಬರಲಿಲ್ಲ ಅಂದರೆ ಪ್ರೋಗ್ರಾಂ ಬದಲಿಸಿದ್ದಕ್ಕೂ ಇದಕ್ಕೂ ಸಂಬಂಧ ಕಡಿಮೆ. ಮೊದಲು ಸ್ಪ್ಯಾಮ್ ಫೋಲ್ಡರ್ ನೋಡಿ. ಆಮೇಲೆ ಜಾಗ ತುಂಬಿದೆಯಾ ನೋಡಿ. ಗೂಗಲ್‌ನ ಉಚಿತ 15 ಜಿಬಿ ಜಿಮೇಲ್‌ಗೆ ಮಾತ್ರ ಅಲ್ಲ, ಡ್ರೈವ್ ಮತ್ತು ಫೋಟೊಸ್‌ಗೂ ಸೇರಿದ್ದು. ಫೋಟೊಗಳಿಂದಲೇ ಅದು ತುಂಬಿ, ಮೇಲ್ ಬರುವುದು ನಿಲ್ಲಬಹುದು.

ವೆಬ್‌ಮೇಲ್‌ನಲ್ಲಿ ಲಾಗಿನ್ನೇ ಆಗುತ್ತಿಲ್ಲವಾ? ಹಾಗಿದ್ದರೆ ಪಾಸ್‌ವರ್ಡ್ ನೆನಪಿಲ್ಲ ಅಂತ ಅರ್ಥ. ಹಳೇ ಪ್ರೋಗ್ರಾಂ ಅದನ್ನು ನೆನಪಿಟ್ಟುಕೊಂಡಿತ್ತು, ನೀವು ವರ್ಷಗಳಿಂದ ಟೈಪ್ ಮಾಡಿಯೇ ಇಲ್ಲ. ಇದು ತುಂಬಾ ಜನರಿಗೆ ಆಗುತ್ತದೆ. ಅಲ್ಲೇ ರೀಸೆಟ್ ಮಾಡಿ.

"ಸರ್ವರ್ ಸಿಗುತ್ತಿಲ್ಲ" ಅಂದರೆ

ಔಟ್‌ಲುಕ್‌ನ ಎರರ್ ಕೋಡ್ ಕೊನೆಯಲ್ಲಿ ಸಿಸಿಸಿ0ಡಿ ಇದ್ದರೆ ಸರ್ವರ್ ಹೆಸರೇ ಸಿಕ್ಕಿಲ್ಲ ಅಂತ ಅರ್ಥ. ಸಿಸಿಸಿ0ಇ ಇದ್ದರೆ ಸರ್ವರ್‌ಗೆ ಕನೆಕ್ಷನ್ ಆಗಿಲ್ಲ. ಮೊದಲನೆಯದಕ್ಕೆ ಸರ್ವರ್ ಹೆಸರಿನ ಒಂದೊಂದು ಅಕ್ಷರವನ್ನೂ ನೋಡಿ. ಒಂದು ಚುಕ್ಕಿ ಬಿಟ್ಟಿದ್ದರೂ ಸಿಗುವುದಿಲ್ಲ. ಕೊನೆಯಲ್ಲಿ ಒಂದು ಸ್ಪೇಸ್ ಸೇರಿಕೊಂಡಿದ್ದರೂ ಕೆಲವು ಪ್ರೋಗ್ರಾಂಗಳು ಹುಡುಕಲಾರವು.

ಎರಡನೆಯದಕ್ಕೆ ಪೋರ್ಟ್ ನೋಡಿ. ನಾಲ್ಕೇ ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. ಐಮ್ಯಾಪ್‌ಗೆ 993, ಪಾಪ್‌ಗೆ 995. ಇವೆರಡೂ ಬಾಗಿಲು ತೆರೆಯುವ ಮೊದಲೇ ಗೂಢಲಿಪಿಯಲ್ಲಿ ಮಾತಾಡುವ ಪೋರ್ಟ್‌ಗಳು. ಹಳೆಯ ಐಮ್ಯಾಪ್ ಪೋರ್ಟ್ 143, ಪಾಪ್ ಪೋರ್ಟ್ 110. ಇಲ್ಲಿ ಮಾತು ಬರಿದಾಗಿ ಶುರುವಾಗುತ್ತದೆ. ಬೇಕಾದರೆ ಆಮೇಲೆ ಗೂಢಲಿಪಿಗೆ ಹೊರಳುತ್ತದೆ, ಆ ಹೊರಳುವಿಕೆಗೆ ಸ್ಟಾರ್ಟ್‌ಟಿಎಲ್‌ಎಸ್ ಅಂತ ಹೆಸರು.

ಎಡವಟ್ಟು ಆಗುವುದು ಇವೆರಡು ಬೆರೆತಾಗ. ಪೋರ್ಟ್ 993 ಹಾಕಿ, ಅದರ ಪಕ್ಕದ ಪಟ್ಟಿಯಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಆರಿಸಿದ್ದೀರಿ ಅಂದುಕೊಳ್ಳಿ. ಆ ಕಡೆ ಸರ್ವರ್ ಗೂಢಲಿಪಿಯ ಮೊದಲ ಮಾತಿಗೆ ಕಾಯುತ್ತದೆ. ಈ ಕಡೆ ಪ್ರೋಗ್ರಾಂ ಸರ್ವರ್ ಬರಿದಾಗಿ "ನಮಸ್ಕಾರ" ಹೇಳಲಿ ಅಂತ ಕಾಯುತ್ತದೆ. ಇಬ್ಬರೂ ಸುಮ್ನೆ ಕೂತಿರುತ್ತಾರೆ. ಒಂದು ನಿಮಿಷದ ನಂತರ ನಿಮಗೆ "ಟೈಮ್ ಔಟ್" ಅಂತ ಬರುತ್ತದೆ. ನೋಡಿದರೆ ಇಂಟರ್ನೆಟ್ ನಿಧಾನ ಅನಿಸುತ್ತದೆ, ಆದರೆ ಇಂಟರ್ನೆಟ್‌ದು ಏನೂ ತಪ್ಪಿಲ್ಲ. 993 ಮತ್ತು 995ಕ್ಕೆ ಎಸ್‌ಎಸ್‌ಎಲ್/ಟಿಎಲ್‌ಎಸ್ (ಅಂದರೆ ಮೊದಲಿನಿಂದಲೇ ಗೂಢಲಿಪಿ), 143 ಮತ್ತು 110ಕ್ಕೆ ಸ್ಟಾರ್ಟ್‌ಟಿಎಲ್‌ಎಸ್. ಇಷ್ಟೇ ಲೆಕ್ಕ. ನಿಮ್ಮ ಸೇವೆಯವರು ಎರಡನ್ನೂ ಕೊಟ್ಟಿದ್ದರೆ 993 ಅಥವಾ 995 ಆರಿಸಿ.

ಪೋರ್ಟ್ ಸರಿ ಇದ್ದೂ ಆಗದಿದ್ದರೆ ಫೋನಿನ ಹಾಟ್‌ಸ್ಪಾಟ್‌ಗೆ ಕಂಪ್ಯೂಟರ್ ಸೇರಿಸಿ ನೋಡಿ. ಅದರಲ್ಲಿ ಬಂದರೆ ನಿಮ್ಮ ಮಾಮೂಲಿ ನೆಟ್‌ವರ್ಕ್ ಆ ಪೋರ್ಟ್ ತಡೆಯುತ್ತಿದೆ. ಅದರಲ್ಲೂ ಬರದಿದ್ದರೆ ಕಂಪ್ಯೂಟರ್‌ನ ಫೈರ್‌ವಾಲ್ (ಯಾವ ಪ್ರೋಗ್ರಾಂ ಇಂಟರ್ನೆಟ್‌ಗೆ ಹೋಗಬಹುದು ಅಂತ ನೋಡುವ ಕಾವಲು) ನೋಡಿ. ಹಳೇ ಪ್ರೋಗ್ರಾಂಗೆ ಅದು ಎಂದೋ ಅನುಮತಿ ಕೊಟ್ಟಿರುತ್ತದೆ, ಹೊಸದರ ಪರಿಚಯ ಅದಕ್ಕಿಲ್ಲ.

ಸರ್ಟಿಫಿಕೇಟ್ ತಕರಾರು

ಸರ್ಟಿಫಿಕೇಟ್ ಅಂದರೆ ಸರ್ವರ್ ತಾನು ಯಾರು ಅಂತ ತೋರಿಸುವ ಗುರುತಿನ ಚೀಟಿ. ಗೂಢಲಿಪಿ, ಸರ್ಟಿಫಿಕೇಟ್ ವಿಷಯದಲ್ಲಿ ಹೊಸ ಪ್ರೋಗ್ರಾಂಗಳು ಹಳೆಯವಕ್ಕಿಂತ ಕಟ್ಟುನಿಟ್ಟು. ಅದು ಒಳ್ಳೆಯದೇ. ಟಿಎಲ್‌ಎಸ್ ಎಂಬ ಗೂಢಲಿಪಿ ವಿಧಾನದ 1.0 ಮತ್ತು 1.1 ಎಂಬ ಹಳೇ ಆವೃತ್ತಿಗಳನ್ನು ಬಳಸಬಾರದು ಅಂತ 2021ರಲ್ಲಿ ಇಂಟರ್ನೆಟ್ ಮಾನದಂಡದಲ್ಲೇ ಬರೆದಾಯಿತು. ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ 2020ರಲ್ಲಿ ಬಂದ 78ನೇ ಆವೃತ್ತಿಯಲ್ಲೇ ಅವನ್ನು ಮುಚ್ಚಿತ್ತು. ನಿಮ್ಮ ಮೇಲ್ ಸರ್ವರ್ ಹಳೆಯದಾಗಿದ್ದು 1.0 ಬಿಟ್ಟು ಬೇರೆ ಬರದಿದ್ದರೆ, ಹಳೇ ಪ್ರೋಗ್ರಾಂನಲ್ಲಿ ಬರುತ್ತಿದ್ದ ಮೇಲ್ ಹೊಸದರಲ್ಲಿ ಬರುವುದಿಲ್ಲ. ಪ್ರೋಗ್ರಾಂ ಒಳಗಿನ ಗುಪ್ತ ಸೆಟ್ಟಿಂಗ್ ಬದಲಿಸಿ ಹಳೇ ಆವೃತ್ತಿಯನ್ನು ಮತ್ತೆ ತೆರೆಯಬಹುದು. ನನ್ನ ಮಾತು ಕೇಳಿದರೆ, ಅದು ಬೇಡ. ನಿಮ್ಮ ಎಲ್ಲ ಅಕೌಂಟ್‌ಗಳಿಗೂ ಆ ಸಡಿಲಿಕೆ ಅಂಟುತ್ತದೆ. ಸರ್ವರ್ ನೋಡಿಕೊಳ್ಳುವವರಿಗೆ "ಟಿಎಲ್‌ಎಸ್ 1.2 ಹಾಕಿಕೊಡಿ" ಅಂತ ಬರೆಯಿರಿ. ಈ ಒಂದು ಸಾಲು ಅವರಿಗೆ ಸಾಕು.

ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಥವಾ ಇನ್ನೂ ಶುರುವಾಗಿಲ್ಲ ಅಂತ ಬಂದರೆ ಮೊದಲು ನಿಮ್ಮ ಕಂಪ್ಯೂಟರ್‌ನ ತಾರೀಖು ನೋಡಿ. ಹಳೇ ಕಂಪ್ಯೂಟರ್‌ನ ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ, ಆಫ್ ಮಾಡಿ ಆನ್ ಮಾಡಿದಾಗ ತಾರೀಖು ಹಿಂದಕ್ಕೆ ಹೋಗಿರುತ್ತದೆ. ಆಗ ಎಲ್ಲ ಸರ್ಟಿಫಿಕೇಟೂ ತಪ್ಪಾಗಿ ಕಾಣುತ್ತದೆ.

ಹೆಸರು ಹೊಂದುತ್ತಿಲ್ಲ ಅಂತ ಬಂದರೆ, ನಿಮ್ಮ ಸ್ವಂತ ಡೊಮೇನ್‌ನ ವಿಳಾಸ ಇರಬೇಕು, ಅಲ್ವಾ? ನೀವು ನಿಮ್ಮ ಡೊಮೇನ್ ಹೆಸರಿನ ಸರ್ವರ್ ಹಾಕಿದ್ದೀರಿ, ಸರ್ಟಿಫಿಕೇಟ್ ಮಾತ್ರ ಹೋಸ್ಟಿಂಗ್‌ನವರ, ಅಂದರೆ ನಿಮ್ಮ ಡೊಮೇನ್‌ನ ಮೇಲ್ ನಡೆಸಿಕೊಡುವ ಕಂಪನಿಯ, ಹೆಸರಿನಲ್ಲಿದೆ. ಹೋಸ್ಟಿಂಗ್‌ನ ಸಹಾಯ ಪುಟದಲ್ಲಿ ಕೊಟ್ಟ ಸರ್ವರ್ ಹೆಸರನ್ನೇ ಹಾಕಿದರೆ ಸರಿಹೋಗುತ್ತದೆ. "ಪರವಾಗಿಲ್ಲ, ಒಪ್ಪಿದೆ" ಅನ್ನುವ ಬಟನ್ ಒತ್ತಿ ಮುಂದೆ ಹೋಗಬೇಡಿ. ನಡುವೆ ಯಾರಾದರೂ ನಿಜವಾಗಿಯೂ ಕದ್ದು ಕೇಳುತ್ತಿದ್ದರೂ ಪ್ರೋಗ್ರಾಂ ತೋರಿಸುವುದು ಇದೇ ಎಚ್ಚರಿಕೆಯನ್ನೇ.

ಇನ್ನೊಂದು, ಸರ್ಟಿಫಿಕೇಟ್ ಕೊಟ್ಟವರ ಜಾಗದಲ್ಲಿ ನಿಮ್ಮ ಆಂಟಿವೈರಸ್‌ನ ಹೆಸರು ಕಂಡರೆ, ಅದು ನಡುವೆ ಕೂತು ಮೇಲ್ ಜಾಲಾಡುತ್ತಿದೆ. ಆಂಟಿವೈರಸ್ ಪೂರ್ತಿ ಆಫ್ ಮಾಡಬೇಡಿ. ಅದರ ಒಳಗೆ ಬರುವ ಮೇಲ್ ಸ್ಕ್ಯಾನ್ ಮಾಡುವ ಭಾಗ ಬೇರೆ ಇರುತ್ತದೆ, ಅದನ್ನಷ್ಟೇ ಆಫ್ ಮಾಡಿ ನೋಡಿ.

ಪಾಸ್‌ವರ್ಡ್ ಸರಿ ಇದೆ, ಆದರೂ ತಪ್ಪು ಅನ್ನುತ್ತದೆ

ಜನ ಜಾಸ್ತಿ ಸೋಲುವುದು ಇಲ್ಲೇ. ವೆಬ್‌ಮೇಲ್‌ನಲ್ಲಿ ಅದೇ ಪಾಸ್‌ವರ್ಡ್ ಕೆಲಸ ಮಾಡುತ್ತದೆ, ಪ್ರೋಗ್ರಾಂನಲ್ಲಿ ಮಾಡುವುದಿಲ್ಲ. ಕಾರಣ, ದೊಡ್ಡ ಸೇವೆಗಳು ಬರೀ ಪಾಸ್‌ವರ್ಡ್ ಹಿಡಿದು ಬರುವ ಪ್ರೋಗ್ರಾಂಗಳನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿವೆ. ಗೂಗಲ್ ವೈಯಕ್ತಿಕ ಅಕೌಂಟ್‌ಗಳಿಗೆ ಇದನ್ನು 2022ರ ಮೇ 30ರಂದು ನಿಲ್ಲಿಸಿತು. ಮೈಕ್ರೋಸಾಫ್ಟ್ ಸಂಸ್ಥೆಗಳ ಅಕೌಂಟ್‌ಗಳಿಗೆ 2022ರ ಅಕ್ಟೋಬರ್‌ನಿಂದ, ಔಟ್‌ಲುಕ್ ಮತ್ತು ಹಾಟ್‌ಮೇಲ್‌ನ ವೈಯಕ್ತಿಕ ವಿಳಾಸಗಳಿಗೆ 2024ರ ಸೆಪ್ಟೆಂಬರ್ 16ರಿಂದ ನಿಲ್ಲಿಸಿತು. ಹಾಗಾಗಿ ಹಳೇ ಪ್ರೋಗ್ರಾಂನಿಂದ ನಕಲು ಮಾಡಿದ ಸೆಟ್ಟಿಂಗ್ಸ್ ಅಕ್ಷರಕ್ಕೆ ಅಕ್ಷರ ಸರಿ ಇದ್ದರೂ ಪ್ರಯೋಜನ ಆಗದೇ ಇರಬಹುದು.

ಇದಕ್ಕೆ ಎರಡು ದಾರಿ ಇವೆ.

ಒಂದು, ಒಆಥ್2, ಅಂದರೆ ಪಾಸ್‌ವರ್ಡನ್ನು ಪ್ರೋಗ್ರಾಂಗೆ ಕೊಡದೆ ಸೇವೆಯವರ ಲಾಗಿನ್ ಪುಟದಲ್ಲೇ ಕೊಟ್ಟು ಒಪ್ಪಿಗೆ ಪಡೆಯುವ ವಿಧಾನ. ಥಂಡರ್‌ಬರ್ಡ್‌ನಲ್ಲಿ ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ, ಸರ್ವರ್ ಸೆಟ್ಟಿಂಗ್ಸ್ ತೆರೆಯಿರಿ. ದೃಢೀಕರಣದ ವಿಧಾನ ಕೇಳುವ ಪಟ್ಟಿಯಲ್ಲಿ "ಸಾಮಾನ್ಯ ಪಾಸ್‌ವರ್ಡ್" ಬದಲು ಒಆಥ್2 ಆರಿಸಿ. ಮುಂದಿನ ಸಲ ಮೇಲ್ ತರಲು ಹೋದಾಗ ಒಂದು ಬ್ರೌಸರ್ ಥರದ ಕಿಟಕಿ ತೆರೆದು ಲಾಗಿನ್ ಕೇಳುತ್ತದೆ. ಅಲ್ಲಿ ಪಾಸ್‌ವರ್ಡ್ ಕೊಟ್ಟು ಒಪ್ಪಿಗೆ ಕೊಡಿ. ಆ ಕಿಟಕಿ ಬಂದು ಮುಂದೆ ಹೋಗದೆ ಸುತ್ತುತ್ತಾ ಇದ್ದರೆ, ಥಂಡರ್‌ಬರ್ಡ್‌ನ ಖಾಸಗಿತನದ ಸೆಟ್ಟಿಂಗ್ಸ್‌ನಲ್ಲಿ ಕುಕೀಗಳಿಗೆ ಅನುಮತಿ ಇದೆಯಾ ನೋಡಿ. ಕುಕೀ ಬಂದ್ ಇದ್ದರೆ ಈ ಲಾಗಿನ್ ಮುಗಿಯುವುದೇ ಇಲ್ಲ. ಹಳೇ ಪಾಸ್‌ವರ್ಡ್ ಉಳಿದುಕೊಂಡು ಕಾಟ ಕೊಡುತ್ತಿದ್ದರೆ, ಉಳಿಸಿದ ಪಾಸ್‌ವರ್ಡ್‌ಗಳ ಪಟ್ಟಿಯಿಂದ ಅದನ್ನು ತೆಗೆದು ಪ್ರೋಗ್ರಾಂ ಮುಚ್ಚಿ ತೆರೆಯಿರಿ.

ಎರಡು, ಆ್ಯಪ್ ಪಾಸ್‌ವರ್ಡ್, ಅಂದರೆ ಪ್ರೋಗ್ರಾಂಗೆಂದೇ ಸೇವೆಯವರು ಕೊಡುವ ಬೇರೆ ಪಾಸ್‌ವರ್ಡ್. ಪ್ರೋಗ್ರಾಂಗೆ ಒಆಥ್2 ಬರದಿದ್ದರೆ ಇದು. ಗೂಗಲ್‌ನಲ್ಲಿ ಮೊದಲು ಎರಡು ಹಂತದ ಪರಿಶೀಲನೆ ಆನ್ ಮಾಡಿರಬೇಕು. ಆಮೇಲೆ ಸಿಗುವುದು 16 ಅಕ್ಷರಗಳ ಒಂದು ಪಾಸ್‌ವರ್ಡ್, ನಾಲ್ಕು ನಾಲ್ಕರ ಗುಂಪಿನಲ್ಲಿ ತೋರಿಸುತ್ತದೆ. ನಡುವಿನ ಸ್ಪೇಸ್ ಬಿಟ್ಟು ಟೈಪ್ ಮಾಡಿ. ಯಾಹೂ ಕೂಡ ಇಂಥದ್ದನ್ನು ಕೊಡುತ್ತದೆ. ಒಂದು ವಿಷಯ ನೆನಪಿಡಿ: ಗೂಗಲ್ ಅಕೌಂಟ್‌ನ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ಆರು ತಿಂಗಳ ನಂತರ ಇದ್ದಕ್ಕಿದ್ದಂತೆ ಮೇಲ್ ನಿಂತರೆ ಇದೇ ಕಾರಣ ಇರಬಹುದು.

ಸಣ್ಣ ಹೋಸ್ಟಿಂಗ್ ಸೇವೆಗಳಲ್ಲಿ ಇಷ್ಟೆಲ್ಲ ಇರುವುದಿಲ್ಲ. ಅಲ್ಲಿ ಮಾಮೂಲಿ ತಪ್ಪು ಯೂಸರ್ ನೇಮ್‌ನದು. ಹೊಸ ಪ್ರೋಗ್ರಾಂ ವಿಳಾಸದಲ್ಲಿ ಅಟ್ ಚಿಹ್ನೆಗಿಂತ ಹಿಂದಿನ ಭಾಗವನ್ನು ಮಾತ್ರ ತುಂಬಿರಬಹುದು, ಸರ್ವರ್‌ಗೆ ಪೂರ್ತಿ ವಿಳಾಸ ಬೇಕಿರಬಹುದು. ಅಥವಾ ಉಲ್ಟಾ. ಫೋಟೊ ತೆಗೆದಿಟ್ಟುಕೊಂಡಿದ್ದು ಇಲ್ಲಿ ಕೈಹಿಡಿಯುತ್ತದೆ.

ಮತ್ತೆ ಮತ್ತೆ ಪ್ರಯತ್ನಿಸಬೇಡಿ. ತಪ್ಪು ಲಾಗಿನ್ ಜಾಸ್ತಿಯಾದರೆ ಹಲವು ಸರ್ವರ್‌ಗಳು ನಿಮ್ಮನ್ನು ಸ್ವಲ್ಪ ಹೊತ್ತು ಹೊರಗಿಡುತ್ತವೆ, ಆಗ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಬಿಡುವುದಿಲ್ಲ. ಪಾಸ್‌ವರ್ಡ್ ರೀಸೆಟ್ ಮಾಡಿದ್ದರಂತೂ ಫೋನು, ಟ್ಯಾಬ್ಲೆಟ್, ಹಳೇ ಪ್ರೋಗ್ರಾಂ ಎಲ್ಲವೂ ಹಳೇ ಪಾಸ್‌ವರ್ಡ್ ಹಿಡಿದು ಹಿಂದಿನಿಂದ ಬಾಗಿಲು ಬಡಿಯುತ್ತಲೇ ಇರುತ್ತವೆ. ಅವನ್ನೂ ಸರಿಮಾಡಿ, ಅರ್ಧ ಗಂಟೆ ಬಿಟ್ಟು ನೋಡಿ.

ಎರರ್ ಇಲ್ಲ, ಮೇಲೂ ಇಲ್ಲ

ನಮ್ಮ ಚಿಕ್ಕಪ್ಪ ಹೊಸ ಲ್ಯಾಪ್‌ಟಾಪ್ ತೊಗೊಂಡು ಹೊಸ ಮೇಲ್ ಪ್ರೋಗ್ರಾಂ ಹಾಕಿಸಿದ್ದರು. ಮೂರು ದಿನ ಆದ ಮೇಲೆ ಫೋನ್ ಮಾಡಿದರು. "ಒಂದೂ ಮೇಲ್ ಬಂದಿಲ್ಲ ಕಣೋ, ಆದ್ರೆ ಎಲ್ಲಾ ಸರಿ ಇದೆ ಅಂತಲೇ ತೋರಿಸ್ತಿದೆ." ನಾನು ಹೋಗಿ ನೋಡಿದೆ. ನಿಜ, ಯಾವ ಎರರ್ರೂ ಇಲ್ಲ. ಪ್ರತಿ ಸಲ ಒತ್ತಿದಾಗಲೂ ಕೆಳಗೆ "ಹೊಸ ಸಂದೇಶ ಇಲ್ಲ" ಅಂತ ಬರುತ್ತಿತ್ತು. ನನ್ನ ಫೋನಿನಿಂದ ಅವರಿಗೆ ಒಂದು ಮೇಲ್ ಕಳಿಸಿದೆ. ವೆಬ್‌ಮೇಲ್ ತೆರೆದು ಕಾದೆವು. ಮೇಲ್ ಬಂತು. ಇಬ್ಬರೂ ನೋಡುತ್ತಾ ಇದ್ದ ಹಾಗೇ, ಪುಟ ರಿಫ್ರೆಶ್ ಆದಾಗ ಆ ಸಾಲು ಮಾಯವಾಯಿತು.

ಯಾರೋ ಎತ್ತಿಕೊಂಡು ಹೋಗುತ್ತಿದ್ದರು. "ಚಿಕ್ಕಪ್ಪ, ಹಳೇ ಲ್ಯಾಪ್‌ಟಾಪ್ ಎಲ್ಲಿದೆ?" ಅಂದೆ. ಒಳಗಿನ ಕೋಣೆಯಲ್ಲಿ ಚಾರ್ಜ್‌ಗೆ ಹಾಕಿದ್ದರು, ಆನ್ ಇತ್ತು. ಹಳೇ ಪ್ರೋಗ್ರಾಂ ಪಾಪ್‌ನಲ್ಲಿ ಕೆಲಸ ಮಾಡುತ್ತಾ, ಹತ್ತು ನಿಮಿಷಕ್ಕೊಮ್ಮೆ ಮೇಲ್ ತಂದುಕೊಂಡು ಸರ್ವರ್‌ನಿಂದ ಅಳಿಸುತ್ತಿತ್ತು. ಮೂರು ದಿನದ ಮೇಲ್ ಎಲ್ಲ ಅಲ್ಲೇ ಕೂತಿತ್ತು.

ಪಾಪ್ ಅಂದರೆ ಹಾಗೇ. ಅದು ಹುಟ್ಟಿದ ಕಾಲದಲ್ಲಿ ಒಬ್ಬರಿಗೆ ಒಂದೇ ಕಂಪ್ಯೂಟರ್, ಸರ್ವರ್‌ನಲ್ಲಿ ಜಾಗ ಕಡಿಮೆ. ಮೇಲ್ ತಂದು, ಅಲ್ಲಿಂದ ಅಳಿಸುವುದೇ ರೂಢಿ. ಇದಕ್ಕೆ ಪರಿಹಾರ, ಸರ್ವರ್‌ನಲ್ಲಿ ಒಂದು ಪ್ರತಿ ಬಿಡುವ ಆಯ್ಕೆಗೆ ಎರಡೂ ಪ್ರೋಗ್ರಾಂಗಳಲ್ಲಿ ಟಿಕ್ ಹಾಕುವುದು. ಔಟ್‌ಲುಕ್, ಥಂಡರ್‌ಬರ್ಡ್ ಎರಡರಲ್ಲೂ "14 ದಿನದ ನಂತರ ಅಳಿಸು" ಅನ್ನುವಂಥ ಸಾಲು ಅದರ ಕೆಳಗೇ ಇರುತ್ತದೆ. ಹೊಸ ಪ್ರೋಗ್ರಾಂ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ಖಾತ್ರಿ ಆಗುವವರೆಗೆ ಆ ಎರಡನೇ ಟಿಕ್ ತೆಗೆದುಬಿಡಿ.

ಇದರ ಇನ್ನೊಂದು ಮುಖವೂ ಇದೆ. ಪಾಪ್‌ನಲ್ಲಿ ಒಬ್ಬರು ಒಳಗಿದ್ದಾಗ ಸರ್ವರ್ ಮೇಲ್‌ಬಾಕ್ಸ್‌ಗೆ ಬೀಗ ಹಾಕಿಕೊಳ್ಳುತ್ತದೆ. ಇಬ್ಬರು ಒಂದೇ ಹೊತ್ತಿಗೆ ಬಂದರೆ ಎರಡನೆಯವರಿಗೆ "ಮೇಲ್‌ಬಾಕ್ಸ್ ಲಾಕ್ ಆಗಿದೆ" ಅಥವಾ "ಬಳಕೆಯಲ್ಲಿದೆ" ಅಂತ ಉತ್ತರ ಬರುತ್ತದೆ. ಹಳೇದನ್ನು ಮುಚ್ಚಿ ಅಂತ ಮೊದಲೇ ಹೇಳಿದ್ದು ಇದಕ್ಕೂ ಸೇರಿ.

ಐಮ್ಯಾಪ್‌ನಲ್ಲಿ ಹೀಗಾಗಿದ್ದರೆ ಕಾರಣ ಬೇರೆ. ಇನ್‌ಬಾಕ್ಸ್ ಬರುತ್ತದೆ, ಬೇರೆ ಫೋಲ್ಡರ್ ಕಾಣುವುದಿಲ್ಲ ಅಂದರೆ ಆ ಫೋಲ್ಡರ್‌ಗಳಿಗೆ ಸಬ್‌ಸ್ಕ್ರೈಬ್ ಆಗಿಲ್ಲ, ಅಂದರೆ ಅವನ್ನು ತೋರಿಸು ಅಂತ ಆರಿಸಿಲ್ಲ. ಅಕೌಂಟ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಆ ಪಟ್ಟಿ ಸಿಗುತ್ತದೆ. ಹಾಗೇ ಹೊಸ ಪ್ರೋಗ್ರಾಂನ ಸ್ಪ್ಯಾಮ್ ಫೋಲ್ಡರನ್ನೂ ಒಮ್ಮೆ ತೆರೆದು ನೋಡಿ. ಹಳೇದಕ್ಕೆ ನೀವು ಯಾವುದು ಸ್ಪ್ಯಾಮ್, ಯಾವುದಲ್ಲ ಅಂತ ವರ್ಷಗಟ್ಟಲೆ ಕಲಿಸಿರುತ್ತೀರಿ, ಹೊಸದಕ್ಕೆ ಅದೇನೂ ಗೊತ್ತಿಲ್ಲ.

ಅರ್ಧಕ್ಕೆ ನಿಲ್ಲುವುದು, ಎಲ್ಲ ಎರಡೆರಡು ಸಲ ಬರುವುದು

"118ರಲ್ಲಿ 43ನೆಯದು ಬರುತ್ತಿದೆ" ಅಂತ ತೋರಿಸಿ ಅಲ್ಲೇ ನಿಲ್ಲುತ್ತದೆ. ಮತ್ತೆ ಒತ್ತಿದರೆ ಮತ್ತೆ 43. ಇದು ಪಾಪ್‌ನಲ್ಲಿ ಆಗಾಗ ಕಾಣುವ ಕಾಟ. ಆ 43ನೇ ಮೇಲ್ ಒಂದೋ ತುಂಬಾ ದೊಡ್ಡದು, ಇಲ್ಲವೇ ಹಾಳಾಗಿದೆ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಟೈಮ್ ಔಟ್ ಅವಧಿ ಹೆಚ್ಚಿಸಿ ನೋಡಿ. ಆಗದಿದ್ದರೆ ವೆಬ್‌ಮೇಲ್‌ಗೆ ಹೋಗಿ, ಆ ಹೊತ್ತಿಗೆ ಬಂದ ದೊಡ್ಡ ಅಟ್ಯಾಚ್‌ಮೆಂಟ್ ಇರುವ ಮೇಲ್ ಹುಡುಕಿ, ಅದನ್ನು ಬೇರೆ ಫೋಲ್ಡರ್‌ಗೆ ಹಾಕಿ. ಸಾಮಾನ್ಯವಾಗಿ ಪಾಪ್‌ಗೆ ಕಾಣುವುದು ಇನ್‌ಬಾಕ್ಸ್ ಮಾತ್ರ, ಹಾಗಾಗಿ ಅದನ್ನು ದಾಟಿ ಮುಂದಿನವು ಬಂದುಬಿಡುತ್ತವೆ. ಸಿಕ್ಕಿಕೊಂಡ ಮೇಲನ್ನು ವೆಬ್‌ಮೇಲ್‌ನಲ್ಲೇ ಓದಿಕೊಳ್ಳಿ.

ಇದೇ ಕಾರಣಕ್ಕೆ ಮೊದಲ 42 ಮೇಲ್‌ಗಳು ಮತ್ತೆ ಮತ್ತೆ ಬರಲೂಬಹುದು. ಪಾಪ್‌ನಲ್ಲಿ "ಅಳಿಸು" ಅಂತ ಹೇಳಿದ್ದು ಜಾರಿಗೆ ಬರುವುದು ಪ್ರೋಗ್ರಾಂ ಕೊನೆಯಲ್ಲಿ ಸರಿಯಾಗಿ "ಹೋಗಿಬರುತ್ತೇನೆ" ಅಂದಾಗ ಮಾತ್ರ. ನಡುವೆ ಕನೆಕ್ಷನ್ ಕಡಿದರೆ ಸರ್ವರ್ ಯಾವುದನ್ನೂ ಅಳಿಸುವುದಿಲ್ಲ.

ಹೊಸ ಪ್ರೋಗ್ರಾಂ ಹಾಕಿದ ದಿನ ಮಾತ್ರ ಸಾವಿರಾರು ಹಳೇ ಮೇಲ್ ಸುರಿದರೆ ಗಾಬರಿ ಬೇಡ. ಸರ್ವರ್‌ನಲ್ಲಿ ಪ್ರತಿ ಮೇಲ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಯಾವುದನ್ನು ಆಗಲೇ ತಂದಿದ್ದೇನೆ ಅನ್ನುವ ಪಟ್ಟಿ ಪ್ರೋಗ್ರಾಂ ಹತ್ತಿರ ಇರುತ್ತದೆ, ಸರ್ವರ್ ಹತ್ತಿರ ಅಲ್ಲ. ಹೊಸ ಪ್ರೋಗ್ರಾಂಗೆ ಆ ಪಟ್ಟಿ ಇಲ್ಲ, ಅದಕ್ಕೆ ಎಲ್ಲವೂ ಹೊಸದೇ. ಬೇಡ ಅನಿಸಿದರೆ ಮೊದಲ ಸಲ ಮೇಲ್ ತರುವ ಮೊದಲೇ ವೆಬ್‌ಮೇಲ್‌ನಲ್ಲಿ ಹಳೆಯವನ್ನು ಬೇರೆ ಫೋಲ್ಡರ್‌ಗೆ ಸರಿಸಿ. ಹಳೇ ಪ್ರೋಗ್ರಾಂನ ಮೇಲ್‌ಗಳನ್ನೂ ಇಂಪೋರ್ಟ್ ಮಾಡಿ, ಸರ್ವರ್‌ನಿಂದಲೂ ತಂದರೆ ಎಲ್ಲ ಎರಡೆರಡಾಗುವುದು ಖಂಡಿತ. ಒಂದನ್ನು ಆರಿಸಿ.

ಇನ್ನೂ ಸಿಗದಿದ್ದರೆ ಲಾಗ್ ನೋಡಿ

ಲಾಗ್ ಅಂದರೆ ಪ್ರೋಗ್ರಾಂ ಮತ್ತು ಸರ್ವರ್ ಆಡಿದ ಮಾತಿನ ದಾಖಲೆ. ಔಟ್‌ಲುಕ್‌ನ ಆಯ್ಕೆಗಳ ಸುಧಾರಿತ ವಿಭಾಗದಲ್ಲಿ ಲಾಗಿಂಗ್ ಆನ್ ಮಾಡುವ ಟಿಕ್ ಇದೆ. ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಜೆ ಒಟ್ಟಿಗೆ ಒತ್ತಿದರೆ ಎರರ್ ಕನ್ಸೋಲ್ ತೆರೆಯುತ್ತದೆ. ಪಾಪ್ ಲಾಗ್ ಓದುವುದು ಕಷ್ಟವಲ್ಲ. ಸರ್ವರ್ ಒಪ್ಪಿದ ಪ್ರತಿ ಮಾತಿಗೂ ಪ್ಲಸ್ ಚಿಹ್ನೆ ಮತ್ತು ಓಕೆ ಅಂತ ಇರುತ್ತದೆ. ಒಪ್ಪದಿದ್ದರೆ ಮೈನಸ್ ಚಿಹ್ನೆ ಮತ್ತು ಇ-ಆರ್-ಆರ್, ಅದರ ಮುಂದೆ ಕಾರಣ. ಮೇಲಿನಿಂದ ಕೆಳಗೆ ಬನ್ನಿ. ಮೊದಲ ಮೈನಸ್ ಎಲ್ಲಿದೆಯೋ ಅದೇ ನಿಮ್ಮ ಹಂತ. ಸಹಾಯ ಕೇಳುವಾಗ "ಮೇಲ್ ಬರ್ತಿಲ್ಲ" ಅನ್ನುವ ಬದಲು ಆ ಒಂದು ಸಾಲು ಕಳಿಸಿ, ಪಾಸ್‌ವರ್ಡ್ ಕಾಣುವ ಸಾಲು ಇದ್ದರೆ ಅಳಿಸಿ.

ಎಲ್ಲ ಸರಿಹೋದ ಮೇಲೂ ಹಳೇ ಪ್ರೋಗ್ರಾಂ ಒಂದು ತಿಂಗಳಾದರೂ ಇರಲಿ. ಅದರಲ್ಲಿ ತಾನಾಗಿಯೇ ಮೇಲ್ ತರುವ ಆಯ್ಕೆ ಮಾತ್ರ ಬಂದ್ ಮಾಡಿ. ಚಿಕ್ಕಪ್ಪನ ಲ್ಯಾಪ್‌ಟಾಪ್‌ನಲ್ಲಿ ನಾವು ಮಾಡಿದ್ದೂ ಅದೇ. ಹಳೇದರ ಅಕೌಂಟನ್ನು ಐಮ್ಯಾಪ್ ಆಗಿಯೂ ಪಕ್ಕದಲ್ಲಿ ಸೇರಿಸಿ, ಆ ಮೂರು ದಿನದ ಮೇಲ್‌ಗಳನ್ನು ಎಳೆದು ಅದರ ಇನ್‌ಬಾಕ್ಸ್‌ಗೆ ಹಾಕಿದೆವು. ಅವು ಸರ್ವರ್‌ಗೆ ಏರಿದವು. ಹೊಸ ಲ್ಯಾಪ್‌ಟಾಪ್‌ನಲ್ಲಿ ಒಂದೊಂದಾಗಿ ಬರತೊಡಗಿದಾಗ ಚಿಕ್ಕಪ್ಪ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಮೊದಲ ಮೇಲ್‌ಗೆ ಉತ್ತರ ಬರೆಯಲು ಕೂತರು.